ಗಾಸ್ಟ್‌ಆರ್ಬೈಟರ್: ಇದು ನೆಂಟಸ್ತನದ ಪದ ಅಲ್ಲ

ಮೆಲ್ಬರ್ನ್‌ನಲ್ಲಿ ಮಿಲ್ಕ್ ಬಾರ್ ಅನ್ನೋ ಸಣ್ಣ ಅಂಗಡಿ ನಡೆಸ್ತಿದ್ದ ಗ್ರೀಕರೂ ಗಾಸ್ಟ್‌ಆರ್ಬೈಟರ್, ಈಚೆಗೆ ಬರ್ಲಿನ್‌ಗೆ ಹೋದ ಗ್ರೀಕ್ ಡಾಕ್ಟ್ರೂ ಗಾಸ್ಟ್‌ಆರ್ಬೈಟರ್. ಹೊರದೇಶದಲ್ಲಿ ದುಡಿಯೋ ಗ್ರೀಕ್ ಕಣ್ಣಿಗೆ ಬಿದ್ರೆ ಸಾಕು, ಈ ಪದ ಅಂಟಿಸಿಬಿಡ್ತಾರೆ. ಜರ್ಮನ್ ಪದ ಹಾಕಿದ್ರೆ ಬರಹಕ್ಕೆ ತೂಕ ಬರುತ್ತೆ ಅಂತಿರಬೇಕು.

ಗಾಸ್ಟ್ ಅಂದ್ರೆ ಅತಿಥಿ, ಆರ್ಬೈಟರ್ ಅಂದ್ರೆ ಕೆಲಸಗಾರ, ಅಷ್ಟು ಸರಿ. ಎಡವೋದು 'ಅತಿಥಿ' ಹತ್ರ. ನಮ್ಮಲ್ಲಿ ಅ-ತಿಥಿ, ಅಂದ್ರೆ ತಿಥಿ ಗೊತ್ತುಮಾಡದೆ ಬಂದವನು ಅಂತ ಬಿಡಿಸಿ ಹೇಳ್ತಾರೆ. ಪಶ್ಚಿಮ ಜರ್ಮನಿ ಫ್ಯಾಕ್ಟರಿ ಕೆಲಸಕ್ಕೆ ಹೊರದೇಶದಿಂದ ಕರೆಸ್ಕೊಂಡ ಈ ಗಾಸ್ಟ್‌ಆರ್ಬೈಟರ್‌ಗಳದ್ದು ತದ್ವಿರುದ್ಧ: ಸಾಮಾನ್ಯವಾಗಿ ಒಂದು ವರ್ಷದ ಕಾಂಟ್ರ್ಯಾಕ್ಟು, ಅದು ಮುಗಿದ ಮೇಲೆ ಊರಿಗೆ ಹೋಗಬೇಕು, ಆ ಜಾಗಕ್ಕೆ ಇನ್ನೊಬ್ಬ ಬರಬೇಕು, ಇದು ಪ್ಲಾನು. ನಾಜಿ ಕಾಲದಲ್ಲಿ ಬಲವಂತವಾಗಿ ದುಡಿಸಿಕೊಂಡವರಿಗೆ ಫ್ರೆಮ್ಡ್‌ಆರ್ಬೈಟರ್, ಪರಕೀಯ ಕೆಲಸಗಾರ ಅಂತಿದ್ರು, ಯುದ್ಧ ಆದ್ಮೇಲೆ ಆ ಪದಕ್ಕೆ ಕಳಂಕ ಹತ್ತಿತ್ತು, ಅದಕ್ಕೇ ಕೇಳೋಕೆ ಸೌಮ್ಯವಾದ 'ಗಾಸ್ಟ್' ರೂಢಿಗೆ ಬಂತು. ಆದ್ರೆ ಅದು ಉಪಚಾರದ ಮಾತಲ್ಲ, ಹೊರಡೋದು ಮರೀಬೇಡ ಅನ್ನೋ ಎಚ್ಚರಿಕೆ. ಯಾವ ಅತಿಥಿ ಹತ್ರ ತೆರಿಗೆ, ಪೆನ್ಷನ್ ಕಂತು ಹಿಡ್ಕೋತಾರೆ ಹೇಳಿ? ನಮ್ಮ ಡಿಗ್ರಿ ಕಾಲೇಜಿನ ಅತಿಥಿ ಉಪನ್ಯಾಸಕರನ್ನ ಕೇಳಿ ನೋಡಿ, ಒಂದೇ ಮಾತಿಗೆ ಅರ್ಥ ಮಾಡ್ಕೋತಾರೆ. ತಮಾಷೆ ಅಂದ್ರೆ ಗ್ರೀಕ್ ಭಾಷೆಯ 'ಕ್ಸೆನೋಸ್'ಗೆ ಪರಕೀಯ, ಅತಿಥಿ ಎರಡೂ ಅರ್ಥ ಇದೆ, ಹಾಗಾಗಿ ಅವರಿಗೆ ಈ ಆಟ ಹೊಸದೇನಲ್ಲ, ಪರದೇಶದಲ್ಲಿ ಬದುಕೋ ಆ ಪಾಡಿಗೆ ಅವರು ಹೇಳೋದು 'ಕ್ಸೆನಿತಿಯಾ'.

ಗ್ರೀಕರ ಮಟ್ಟಿಗೆ ಈ ಪದ ಒಂದು ಕಾಲಕ್ಕೆ ಸೇರಿದ್ದು. 1960ರ ಮಾರ್ಚ್ 30ಕ್ಕೆ ಪಶ್ಚಿಮ ಜರ್ಮನಿ ಗ್ರೀಸ್ ಜೊತೆ ಒಪ್ಪಂದ ಮಾಡ್ಕೊಂಡಿತು, 1973ರ ನವೆಂಬರ್‌ನಲ್ಲಿ ಹೊಸ ನೇಮಕಾತಿ ನಿಲ್ಲಿಸ್ತು. ಅಥೆನ್ಸ್, ಥೆಸಲೊನೀಕಿಯ ಜರ್ಮನ್ ಆಫೀಸುಗಳಲ್ಲಿ ಮೈ ಪರೀಕ್ಷೆ, ಪಾಸಾದ್ರೆ ರೈಲು, ಮ್ಯೂನಿಕ್ ಸ್ಟೇಷನ್ನಿನ 11ನೇ ಪ್ಲಾಟ್‌ಫಾರ್ಮಲ್ಲಿ ಇಳಿದು ಅಲ್ಲಿಂದ ಬೇರೆ ಬೇರೆ ಊರಿನ ಫ್ಯಾಕ್ಟರಿಗಳಿಗೆ. ಇರೋದು 'ಹೈಮ್' ಅನ್ನೋ ಹಾಸ್ಟೆಲ್ಲಲ್ಲಿ, ಎಷ್ಟೋ ಕಡೆ ಸಂಬಳ 'ಆಕೋರ್ಡ್' ಮೇಲೆ, ಅಂದ್ರೆ ಮಾಡಿದಷ್ಟು ಪೀಸಿಗೆ ಅಷ್ಟು ದುಡ್ಡು.

ಈ ಪದ ಕೇಳಿದ ಕೂಡ್ಲೇ ಸೂಟ್‌ಕೇಸ್ ಹಿಡಿದ ಗಂಡಸಿನ ಫೋಟೋನೇ ಹಾಕೋದನ್ನೂ ಬಿಡಬೇಕು. ಗ್ರೀಸ್‌ನಿಂದ ಬಂದವರಲ್ಲಿ ಹೆಂಗಸರೂ ಬೇಕಾದಷ್ಟು ಜನ ಇದ್ರು, ಬಟ್ಟೆ ಮಿಲ್ಲು, ಎಲೆಕ್ಟ್ರಿಕ್ ಸಾಮಾನಿನ ಫ್ಯಾಕ್ಟರಿ ಅಂತ. ನೊಯ್ಸ್ ಊರಿನ ಪಿಯರ್‌ಬುರ್ಗ್ ಕಾರ್ಬ್ಯುರೇಟರ್ ಫ್ಯಾಕ್ಟರಿಯಲ್ಲಿ ಹೆಂಗಸರ ಕೆಲಸಕ್ಕೆ 'ಹಗುರ ಕೆಲಸ' ಅಂತ ಹೆಸರಿಟ್ಟು ತೀರಾ ಕಮ್ಮಿ ಸಂಬಳದ ದರ್ಜೆಗೆ ಹಾಕಿದ್ರು. 1973ರ ಆಗಸ್ಟ್‌ನಲ್ಲಿ ಗ್ರೀಕ್, ಟರ್ಕಿಶ್, ಯುಗೊಸ್ಲಾವ್, ಸ್ಪ್ಯಾನಿಷ್ ಹೆಂಗಸರು ಮೆಷಿನ್ ಬಿಟ್ಟು ಆಚೆ ಬಂದ್ರು, ಗಂಟೆಗೆ ಒಂದು ಮಾರ್ಕ್ ಜಾಸ್ತಿ ಕೊಡಿ ಅಂದ್ರು, ಜರ್ಮನ್ ಕೆಲಸಗಾರರೂ ಅವರ ಜೊತೆ ನಿಂತ್ರು, ಆ ದರ್ಜೆ ಹೋಯ್ತು. ಅತಿಥಿಗಳು ಸ್ಟ್ರೈಕ್ ಮಾಡ್ತಾರಾ?

ಆ ವರ್ಷ ಪಶ್ಚಿಮ ಜರ್ಮನಿಯಲ್ಲಿ ಸುಮಾರು 4 ಲಕ್ಷ ಗ್ರೀಕರಿದ್ರು. ಬಹಳ ಜನ ವಾಪಸ್ ಹೋದ್ರು, ಉಳಿದವರು ಮನೆಯವರನ್ನ ಕರೆಸ್ಕೊಂಡ್ರು, ಕೆಲವರು ಹೋಟೆಲ್ ಇಟ್ರು. ಪಳಗಿದ ಕೈಗಳನ್ನ ಕಳಿಸಿ ಹೊಸಬರಿಗೆ ಮತ್ತೆ ಮೊದಲಿಂದ ಕಲಿಸೋದು ಫ್ಯಾಕ್ಟರಿಯವರಿಗೂ ಬೇಡವಾಗಿತ್ತು, ಹಾಗಾಗಿ ವರ್ಷಕ್ಕೊಬ್ಬರ ಪ್ಲಾನು ಕಾಗದದಲ್ಲೇ ಉಳೀತು.

ಇನ್ನು ಮೆಲ್ಬರ್ನ್. ಆಸ್ಟ್ರೇಲಿಯಾ 1952ರಲ್ಲಿ ಗ್ರೀಸ್ ಜೊತೆ ಒಪ್ಪಂದ ಮಾಡ್ಕೊಂಡಿದ್ದು ಜನ ಬಂದು ನೆಲೆಸಲಿ ಅಂತ, ಅವರು ವಲಸಿಗರು. ಆ ಡಾಕ್ಟ್ರು? 1988ರಿಂದ ಗ್ರೀಕ್ ನೌಕರರು ಯುರೋಪಿನ ಒಕ್ಕೂಟದೊಳಗೆ ಪರ್ಮಿಟ್ ಇಲ್ಲದೆ ಕೆಲಸ ಮಾಡಬಹುದು. ಅವರಿಗೆ ಡಾಕ್ಟ್ರು ಅಂದ್ರೆ ಸಾಕು.