ಪ್ರೊಪೆಲ್ಲರ್ ಶಾಫ್ಟ್ ನೇರವಾಗಿರಬೇಕೇ? ಮತ್ತೊಮ್ಮೆ ಉತ್ತರ

ಪ್ರಶ್ನೆ: ನನ್ನ ಬಳಿ 1969ರ ಕಾರ್ವೆಟ್ ಇದೆ. ನಾಲ್ಕು ಗೇರಿನ ಮನ್ಸಿ ಗೇರ್‌ಬಾಕ್ಸ್ ಇಳಿಸಿ ಐದು ಗೇರಿನ ಟ್ರೆಮೆಕ್ ಕೂರಿಸಿದ್ದೇನೆ. ಹೊಸ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನ ಶಕ್ತಿಯನ್ನು ಕಾರಿನ ಹಿಂಭಾಗಕ್ಕೆ ಒಯ್ಯುವ ತಿರುಗುವ ದಂಡ) ಮಾಡಿಸಿ, ಬ್ಯಾಲೆನ್ಸ್ ಕೂಡ ಮಾಡಿಸಿದೆ. ಆದರೂ ಗಂಟೆಗೆ 100 ಕಿಲೋಮೀಟರ್ ದಾಟಿದರೆ ಸೀಟಿನ ಕೆಳಗೆ ಗುಂಯ್ ಎಂಬ ನಡುಕ. ಎಂಜಿನ್, ಶಾಫ್ಟ್, ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರು ಪೆಟ್ಟಿಗೆ) ಮೂರೂ ಒಂದೇ ನೇರಕ್ಕೆ ಬಂದಿಲ್ಲ, ಅದಕ್ಕೇ ಹೀಗಾಗುತ್ತಿದೆ ಎಂದು ಗೆಳೆಯರು ಹೇಳುತ್ತಾರೆ. ನೇರ ಮಾಡುವುದು ಹೇಗೆ?

ಉತ್ತರ: ಮಾಡಬೇಡಿ. ಕಾರಿನ ಹೆಸರು, ಇಸವಿ, ಗೇರ್‌ಬಾಕ್ಸ್ ಬದಲಾಗುತ್ತವೆ, ಪ್ರಶ್ನೆ ಮಾತ್ರ ಬದಲಾಗುವುದಿಲ್ಲ. ಹಾಗಾಗಿ ಈ ಸಲ ಉತ್ತರವನ್ನು ಬುಡದಿಂದ ಬರೆಯುತ್ತಿದ್ದೇನೆ. ಇನ್ನು ಯಾರು ಕೇಳಿದರೂ ಇದನ್ನೇ ತೋರಿಸಬಹುದು.

ಮೊದಲು ಶಾಫ್ಟ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಅದರಲ್ಲಿ ಗೊಂದಲ ಕಡಿಮೆ. ನಿಮ್ಮ ಹಳೆಯ ಮನ್ಸಿಯ ಹಿಂಬದಿಯ ಶಾಫ್ಟಿಗೆ 27 ಸ್ಪ್ಲೈನ್, ಅಂದರೆ ಉದ್ದಕ್ಕೂ ಕೊರೆದ ಹಲ್ಲು, ಇತ್ತು. 1971ರ ನಂತರದವುಗಳಿಗೆ 32. ಟ್ರೆಮೆಕ್‌ಗೆ 31. ಆದ್ದರಿಂದ ಆ ಹಲ್ಲುಗಳ ಮೇಲೆ ಜಾರಿ ಕೂರುವ ಹಳೆಯ ಸ್ಲಿಪ್ ಯೋಕ್ (ಶಾಫ್ಟಿನ ಮುಂದಿನ ಕವಲು ತುದಿ) ಯಾವ ಉಪಾಯಕ್ಕೂ ಕೂರುವುದಿಲ್ಲ, ಹೊಸದೇ ಬೇಕು. ಹೇಗೂ ಹೊಸದು ಕೊಳ್ಳುವುದಾದರೆ 1350 ಸರಣಿಯ ಯೂನಿವರ್ಸಲ್ ಜಾಯಿಂಟ್ (ಓರೆಯಲ್ಲಿದ್ದರೂ ತಿರುಗುವಿಕೆಯನ್ನು ದಾಟಿಸುವ ಕೀಲು) ಹಾಕಿಸಿಕೊಳ್ಳುವುದು ಜಾಣತನ. 1310 ಸರಣಿಯ ಬೇರಿಂಗ್ ಬಟ್ಟಲು 1.06 ಅಂಗುಲ ಅಗಲವಾದರೆ 1350ರದ್ದು 1.19 ಅಂಗುಲ, ಎಂಜಿನ್‌ನ ಶಕ್ತಿ ಹೆಚ್ಚಿಸಿದವರಿಗೆ ಈ ವ್ಯತ್ಯಾಸ ದೊಡ್ಡದು. ಉಕ್ಕೋ ಅಲ್ಯೂಮಿನಿಯಮ್ಮೋ ಎಂಬ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ. ಕಾರ್ವೆಟ್‌ನ ಶಾಫ್ಟ್ ತೀರಾ ಗಿಡ್ಡ. ಉದ್ದನೆಯ ಕಾರಿನಲ್ಲಿ ತೂಕ ಇಳಿಸಿ ಸಿಗುವ ಲಾಭ ಇಲ್ಲಿ ಸಿಗುವುದಿಲ್ಲ. ಒಳ್ಳೆಯ ಉಕ್ಕಿನ ಕೊಳವೆ ಸಾಕು.

ಈಗ ಆ ನೇರದ ಮಾತು.

ಶಾಫ್ಟ್ ನೇರವಾಗಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಎಲ್ಲಿಂದ ಬಂತೆಂದು ನನಗೆ ಗೊತ್ತಿದೆ. ಕಾರ್ಖಾನೆಯಲ್ಲಿ ಮೋಟರು ಮತ್ತು ಪಂಪನ್ನು ಜೋಡಿಸುವಾಗ ಡಯಲ್ ಗೇಜ್ ಹಿಡಿದು ಎರಡೂ ಶಾಫ್ಟನ್ನು ಒಂದೇ ರೇಖೆಗೆ ತರುತ್ತಾರೆ. ಅಲ್ಲಿ ಅದು ಸರಿ, ಏಕೆಂದರೆ ನಡುವೆ ಇರುವುದು ಸಾಧಾರಣ ಕಪ್ಲಿಂಗ್. ಎಂಜಿನಿಯರಿಂಗ್ ಓದಿದವರೇ ಈ ಪಾಠವನ್ನು ಕಾರಿನ ಕೆಳಗೂ ಕೊಂಡೊಯ್ಯುತ್ತಾರೆ. ಕಾರಿನಲ್ಲಿರುವುದು ಯೂನಿವರ್ಸಲ್ ಜಾಯಿಂಟ್. ಕಾರ್ಡಾನೋ ಹದಿನಾರನೆಯ ಶತಮಾನದಲ್ಲಿ ಅದರ ಮಾತೆತ್ತಿದ, ರಾಬರ್ಟ್ ಹುಕ್ ಹದಿನೇಳನೆಯ ಶತಮಾನದಲ್ಲಿ ಅದರ ಚಲನೆಯನ್ನು ವಿವರಿಸಿದ, ಕ್ಲಾರೆನ್ಸ್ ಸ್ಪೈಸರ್ 1903ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದು ಅದನ್ನು ಕಾರಿಗೆ ತಂದ. ಈ ಜಾಯಿಂಟ್ ಹುಟ್ಟಿದ್ದೇ ಕೋನದಲ್ಲಿ ಕೆಲಸ ಮಾಡುವುದಕ್ಕೆ. ಅದಕ್ಕೆ ಕೋನ ಸಿಗದಿದ್ದರೆ ಅದು ಸಾಯುತ್ತದೆ.

ಹೇಗೆ ಎಂದು ನೋಡಿ. ಜಾಯಿಂಟಿನ ಶಿಲುಬೆಯಾಕಾರದ ತುಂಡಿನ ನಾಲ್ಕು ತುದಿಗಳಲ್ಲಿ ನಾಲ್ಕು ಬಟ್ಟಲುಗಳಿವೆ. ಪ್ರತಿ ಬಟ್ಟಲಿನ ಒಳಗೋಡೆಯ ಉದ್ದಕ್ಕೂ ಸೂಜಿಯಷ್ಟು ಸಣ್ಣ ರೋಲರುಗಳು ಸಾಲಾಗಿ ನಿಂತಿರುತ್ತವೆ. ಶಾಫ್ಟಿಗೂ ಗೇರ್‌ಬಾಕ್ಸಿಗೂ ನಡುವೆ ಒಂದೆರಡು ಡಿಗ್ರಿ ಕೋನವಿದ್ದರೆ, ಪ್ರತಿ ಸುತ್ತಿಗೂ ಆ ರೋಲರುಗಳು ಸ್ವಲ್ಪ ಅತ್ತ, ಸ್ವಲ್ಪ ಇತ್ತ ಉರುಳುತ್ತವೆ. ಉರುಳಿದಾಗ ಗ್ರೀಸು ಹರಡುತ್ತದೆ, ಒತ್ತಡ ಒಂದು ರೋಲರಿನಿಂದ ಇನ್ನೊಂದಕ್ಕೆ ದಾಟುತ್ತದೆ. ಕೋನ ಸೊನ್ನೆಯಾದರೆ? ಶಾಫ್ಟ್ ನಿಮಿಷಕ್ಕೆ ಮೂರು ಸಾವಿರ ಸುತ್ತು ಸುತ್ತುತ್ತಿದ್ದರೂ ರೋಲರುಗಳು ಮಾತ್ರ ಇದ್ದಲ್ಲೇ ನಿಂತಿರುತ್ತವೆ. ಎಂಜಿನ್ನಿನ ಪ್ರತಿಯೊಂದು ಹೊಡೆತವೂ ಅದೇ ಸೂಜಿಗಳ ಮೂಲಕ ಅದೇ ಜಾಗಕ್ಕೆ ಬೀಳುತ್ತದೆ. ಒಂದೇ ಕಡೆ ಕುಟ್ಟುವ ಒನಕೆಯ ಕೆಳಗೆ ಗುಳಿ ಬೀಳುವ ಹಾಗೆ ಶಿಲುಬೆಯ ನುಣುಪು ಮೈಯ ಮೇಲೆ ಸಾಲು ಸಾಲು ಗೀರು ಮೂಡುತ್ತದೆ. ಹಾಳಾದ ಜಾಯಿಂಟನ್ನು ಬಿಚ್ಚಿ, ಗ್ರೀಸು ಒರೆಸಿ, ಉಗುರಿನಿಂದ ಸವರಿ ನೋಡಿ. ಉಗುರು ಕಟಕಟನೆ ತಡೆದರೆ ಕಾರಣ ಇದೇ. ಆದ್ದರಿಂದಲೇ ಪ್ರತಿ ಜಾಯಿಂಟಿಗೂ ಕನಿಷ್ಠ ಅರ್ಧ ಡಿಗ್ರಿಯಾದರೂ ಕೋನ ಇರಲೇಬೇಕು.

ಹಾಗಾದರೆ ಎಷ್ಟು ಬೇಕಾದರೂ ಕೋನ ಇರಬಹುದೇ? ಇಲ್ಲ. ಕೋನದಲ್ಲಿ ತಿರುಗುವ ಒಂಟಿ ಜಾಯಿಂಟ್ ವೇಗವನ್ನು ಸಮನಾಗಿ ದಾಟಿಸುವುದಿಲ್ಲ. ಗೇರ್‌ಬಾಕ್ಸ್ ಒಂದೇ ವೇಗದಲ್ಲಿ ತಿರುಗುತ್ತಿದ್ದರೂ ಶಾಫ್ಟ್ ಪ್ರತಿ ಸುತ್ತಿನಲ್ಲಿ ಎರಡು ಬಾರಿ ಮುಂದೋಡಿ, ಎರಡು ಬಾರಿ ಹಿಂದುಳಿಯುತ್ತದೆ. 3 ಡಿಗ್ರಿಯಲ್ಲಿ ಈ ಏರಿಳಿತ ಶೇಕಡಾ 0.14ರಷ್ಟು, 6 ಡಿಗ್ರಿಯಲ್ಲಿ ಶೇಕಡಾ 0.55. ಕೋನ ಎರಡು ಪಟ್ಟಾದರೆ ಏರಿಳಿತ ನಾಲ್ಕು ಪಟ್ಟು. ಹಿಂದಿನ ಜಾಯಿಂಟೂ ಅಷ್ಟೇ ಕೋನದಲ್ಲಿದ್ದರೆ, ಮುಂದಿನದು ಮಾಡಿದ್ದನ್ನು ಅದು ಸರಿಯಾಗಿ ಅಳಿಸಿಹಾಕುತ್ತದೆ, ಡಿಫರೆನ್ಷಿಯಲ್‌ಗೆ ಸಮವೇಗವೇ ತಲುಪುತ್ತದೆ. ನಡುವಿನ ಶಾಫ್ಟ್ ಮಾತ್ರ ಆಗಲೂ ಏರಿಳಿಯುತ್ತಲೇ ಇರುತ್ತದೆ, ಆದ್ದರಿಂದ ಎರಡೂ ಕೋನ 3 ಡಿಗ್ರಿ ದಾಟದಿರಲಿ. ಎರಡರ ನಡುವಿನ ಅಂತರ 1 ಡಿಗ್ರಿಯೊಳಗೆ ಇರಲಿ. ಶಾಫ್ಟಿನ ಎರಡೂ ತುದಿಯ ಯೋಕ್‌ಗಳು ಒಂದೇ ಸಮತಲದಲ್ಲಿ ಬೆಸುಗೆಯಾಗಿರಲಿ.

ಅಂದರೆ ಬೇಕಾಗಿರುವುದು ಸಮಾನಾಂತರ. ಗೇರ್‌ಬಾಕ್ಸಿನ ನಡುರೇಖೆ ಮತ್ತು ಪಿನಿಯನ್ನಿನ (ಶಾಫ್ಟ್ ಬಂದು ಸೇರುವ ಡಿಫರೆನ್ಷಿಯಲ್ ಗೇರಿನ) ನಡುರೇಖೆ ರೈಲು ಹಳಿಯಂತೆ ಪರಸ್ಪರ ಸಮಾನಾಂತರ, ಒಂದು ಮೇಲೆ, ಇನ್ನೊಂದು ಸ್ವಲ್ಪ ಕೆಳಗೆ. ಶಾಫ್ಟ್ ಎರಡರ ನಡುವೆ ಓರೆಯಾಗಿ ಹಾದುಹೋಗಬೇಕು. ಜನ ಸಮಾನಾಂತರ ಎಂದು ಕೇಳಿ ಒಂದೇ ನೇರ ಎಂದು ತಿಳಿಯುತ್ತಾರೆ. ಎಲ್ಲ ಗೊಂದಲದ ಬೇರು ಇಲ್ಲಿದೆ.

ಇನ್ನೊಂದು ಗುಂಪು ಡ್ರ್ಯಾಗ್ ರೇಸಿನವರನ್ನು ನೋಡಿ ಪಿನಿಯನ್ನಿನ ಮೂಗನ್ನು ಒಂದೆರಡು ಡಿಗ್ರಿ ಕೆಳಗೆ ಬಗ್ಗಿಸುತ್ತದೆ. ಪಟ್ಟಿ ಸ್ಪ್ರಿಂಗಿನ ಮೇಲೆ ಇಡೀ ಆಕ್ಸಲ್ ಕುಳಿತಿರುವ ಕಾರಿನಲ್ಲಿ ಅದಕ್ಕೆ ಅರ್ಥವಿದೆ: ಜೋರಾಗಿ ಎಳೆದಾಗ ಸ್ಪ್ರಿಂಗ್ ತಿರುಚಿಕೊಂಡು ಮೂಗು ಮೇಲೇಳುತ್ತದೆ, ಆಗ ಸಮಾನಾಂತರಕ್ಕೆ ಬರಲಿ ಎಂಬುದು ಲೆಕ್ಕ. 1963ರಿಂದ 1982ರವರೆಗಿನ ಕಾರ್ವೆಟ್‌ನಲ್ಲಿ ಹಿಂದಿನ ಚಕ್ರಗಳು ಸ್ವತಂತ್ರ. ಡಿಫರೆನ್ಷಿಯಲ್ ಚಾಸಿಗೆ ಕಟ್ಟಿಕೊಂಡಿದೆ, ಮುಂದುಗಡೆ ರಬ್ಬರ್ ಬುಷ್ ಇರುವ ಬ್ರಾಕೆಟ್ ಅದನ್ನು ಹಿಡಿದಿದೆ. ರಸ್ತೆ ಏನೇ ಮಾಡಿದರೂ ಪಿನಿಯನ್ ಹೆಚ್ಚು ಕದಲುವುದಿಲ್ಲ. ಇದು ನಿಮ್ಮ ಭಾಗ್ಯ. ಒಮ್ಮೆ ಸರಿಯಾಗಿ ಕೂರಿಸಿದ ಕೋನ ಹಾಗೇ ಉಳಿಯುತ್ತದೆ.

ಆದರೆ ಪಿನಿಯನ್ ಕದಲದ ಕಾರಿನಲ್ಲಿ ನೀವು ಕದಲಿಸಬಹುದಾದ ತುದಿ ಒಂದೇ, ಗೇರ್‌ಬಾಕ್ಸಿನ ಬಾಲ. ಅದು ಕುಳಿತಿರುವುದು ಕ್ರಾಸ್‌ಮೆಂಬರ್ ಎಂಬ ಚಾಸಿಯ ಅಡ್ಡಪಟ್ಟಿಯ ಮೇಲೆ. ಶಾಫ್ಟಿಗೆ ಧಾರಾಳವಾಗಿ ಖರ್ಚು ಮಾಡಿ ಕ್ರಾಸ್‌ಮೆಂಬರನ್ನು ಬರೀ ಬಾಕ್ಸ್ ಹೊರುವ ಪಟ್ಟಿ ಎಂದು ಕಡೆಗಣಿಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಕೋನವನ್ನು ನಿರ್ಧರಿಸುವುದೇ ಅದು.

ಲೆಕ್ಕ ಹಾಕಿ ನೋಡೋಣ. ಎಂಜಿನ್ ಮೌಂಟಿಂಗ್‌ನಿಂದ ಗೇರ್‌ಬಾಕ್ಸ್ ಮೌಂಟಿಂಗ್‌ಗೆ 36 ಅಂಗುಲ, ಶಾಫ್ಟ್ 30 ಅಂಗುಲ ಎಂದು ಹಿಡಿಯಿರಿ. ಗೇರ್‌ಬಾಕ್ಸ್ ಹಿಂದಕ್ಕೆ 3.5 ಡಿಗ್ರಿ ಇಳಿಜಾರು, ಶಾಫ್ಟ್ 1.5, ಪಿನಿಯನ್ 3. ಮುಂದಿನ ಜಾಯಿಂಟಿನ ಕೋನ 2, ಹಿಂದಿನದು 1.5. ಬಹಳ ಚೆನ್ನಾಗಿದೆ. ಈಗ ಗೇರ್‌ಬಾಕ್ಸ್ ಮೌಂಟಿಂಗನ್ನು ಅರ್ಧ ಅಂಗುಲ ಕೆಳಗಿಳಿಸಿ. ಗೇರ್‌ಬಾಕ್ಸಿನ ಇಳಿಜಾರು ಸುಮಾರು 4.3 ಆಗುತ್ತದೆ, ಶಾಫ್ಟಿನ ಮುಂಭಾಗ ಇಳಿದದ್ದರಿಂದ ಅದರ ಇಳಿಜಾರು 0.5ಕ್ಕೆ ಬರುತ್ತದೆ. ಮುಂದಿನ ಕೋನ 3.8, ಹಿಂದಿನದು 2.5. ಮಿತಿಯೂ ದಾಟಿತು, ಅಂತರವೂ ದಾಟಿತು. ಅದೇ ಅರ್ಧ ಅಂಗುಲ ಮೇಲೆತ್ತಿದ್ದರೆ ಮುಂದಿನ ಕೋನ 0.2ಕ್ಕೆ ಕುಸಿಯುತ್ತಿತ್ತು, ಹಿಂದಿನದು 0.5. ನಿಮ್ಮ ಗೆಳೆಯರು ಹೇಳುವ ನೇರ ಅದೇ. ಕೆಲವು ದಿನ ರೇಷ್ಮೆಯಂತೆ ಓಡುತ್ತದೆ, ಆಮೇಲೆ ಮುಂದಿನ ಜಾಯಿಂಟ್ ಗೀರು ಬಿದ್ದು ಹೋಗುತ್ತದೆ. ಉದ್ದ ಶಾಫ್ಟಿನ ಕಾರಿನಲ್ಲಿ ಅರ್ಧ ಅಂಗುಲಕ್ಕೆ ಇಷ್ಟು ಬೆಲೆ ಇರುವುದಿಲ್ಲ. ಗಿಡ್ಡ ಶಾಫ್ಟಿನಲ್ಲಿ ಇದೆ. ಮೇಲಿನಿಂದ ನೋಡಿದಾಗ ಅಡ್ಡಕ್ಕೂ ಓರೆಯಿದ್ದರೆ ಅದನ್ನೂ ಸೇರಿಸಬೇಕು. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆಯಿರಿ: ಕೆಳಮುಖ 2, ಅಡ್ಡ 1 ಆದರೆ ನಿಜವಾದ ಕೋನ 2.24.

ನಿಮ್ಮ ಕಾರು ನಾಲ್ಕು ಗೇರಿನ ಮ್ಯಾನುಯಲ್, ಅಂದರೆ ಕ್ರಾಸ್‌ಮೆಂಬರ್ ಚಾಸಿಗೆ ಬೆಸುಗೆಯಾಗಿದೆ. ಆಟೊಮ್ಯಾಟಿಕ್ ಕಾರುಗಳಲ್ಲಿ ಅದು ಬೋಲ್ಟಿನದು, ಬಿಚ್ಚಿ ಇಳಿಸಬಹುದು. ಟ್ರೆಮೆಕ್‌ನ ಮೌಂಟಿಂಗ್ ಹಳೆಯ ಜಾಗಕ್ಕೆ ಬರುವುದಿಲ್ಲ. ಅಡಾಪ್ಟರ್ ಪಟ್ಟಿ ಹಾಕಿ ಸುಧಾರಿಸುವವರಿದ್ದಾರೆ, ಬೆಸುಗೆಯದನ್ನು ಕತ್ತರಿಸಿ ಬೋಲ್ಟಿನದನ್ನು ಕೂರಿಸುವವರಿದ್ದಾರೆ. ಎರಡನೆಯದು ನನಗೆ ಇಷ್ಟ, ಮುಂದೆ ಕ್ಲಚ್ಚಿಗೆ ಕೈಹಾಕುವಾಗ ಅದರ ಸುಖ ತಿಳಿಯುತ್ತದೆ. ಆದರೆ ಕತ್ತರಿಸುವ ಮುನ್ನ ಒಂದು ಮಾತು ನೆನಪಿರಲಿ. ಆ ಅಡ್ಡಪಟ್ಟಿ ಗೇರ್‌ಬಾಕ್ಸನ್ನು ಹೊರುವುದರ ಜೊತೆಗೆ ಚಾಸಿಯ ಎರಡು ಉದ್ದದ ತೊಲೆಗಳನ್ನೂ ಹಿಡಿದಿಡುತ್ತದೆ. ಸೈಲೆನ್ಸರ್ ಪೈಪುಗಳೂ ಅದರ ಕಿಂಡಿಗಳ ಮೂಲಕವೇ ಹಾದುಹೋಗುತ್ತವೆ. ಚಾಸಿಗೆ ಸಮನಾಗಿ ಆಧಾರ ಕೊಡದೆ ಕತ್ತರಿಸಿದರೆ ತೊಲೆಗಳು ಸರಿದಾವು. ತೆಳು ತಗಡಿನ ಪಟ್ಟಿಯನ್ನು ಅದರ ಜಾಗಕ್ಕೆ ಹಾಕಿ ಕೆಲಸ ಮುಗಿಯಿತು ಎನ್ನಬೇಡಿ.

ಕೆಲಸದ ಕ್ರಮವನ್ನೂ ಹೇಳಿಬಿಡುತ್ತೇನೆ, ಹೆಚ್ಚಿನವರು ಇದನ್ನು ತಲೆಕೆಳಗು ಮಾಡುತ್ತಾರೆ. ಮೊದಲು ಎಂಜಿನ್ ಮೌಂಟಿಂಗ್ ಹೊಸದು ಹಾಕಿ; ಕುಸಿದ ಹಳೆಯ ರಬ್ಬರಿನ ಮೇಲೆ ಅಳೆದ ಕೋನಕ್ಕೆ ಬೆಲೆಯಿಲ್ಲ. ಗೇರ್‌ಬಾಕ್ಸ್ ಕೂರಿಸಿ, ಬಾಲಕ್ಕೆ ಕೆಳಗಿನಿಂದ ಜ್ಯಾಕ್ ಕೊಡಿ. ಡಿಜಿಟಲ್ ಕೋನಮಾಪಕವನ್ನು ಪಿನಿಯನ್ ಯೋಕ್‌ನ ನುಣುಪು ಮುಖದ ಮೇಲಿಟ್ಟು ಓದಿ, ಅದು ನಿಮ್ಮ ಗುರಿ. ಗೇರ್‌ಬಾಕ್ಸಿನ ಬಾಲವನ್ನು ಆ ಓದಿಗೆ ಸಮಾನಾಂತರವಾಗಿ ತನ್ನಿ, ಕಾರಿನ ನೆಲದ ನಡುವಿನ ಸುರಂಗಕ್ಕೆ ತಾಗದಂತೆ. ಕ್ರಾಸ್‌ಮೆಂಬರನ್ನು ಆ ಎತ್ತರಕ್ಕೆ ಹೊಂದಿಸಿ, ಬೇಕಿದ್ದಲ್ಲಿ ಶಿಮ್ (ತೆಳು ತಗಡಿನ ಚೂರು) ಕೊಟ್ಟು, ಬೋಲ್ಟುಗಳನ್ನು ಪೂರ್ತಿ ಬಿಗಿದು ಮತ್ತೆ ಅಳೆಯಿರಿ. ಸ್ಲಿಪ್ ಯೋಕ್ ಪೂರ್ತಿ ಒಳಹೋದ ಸ್ಥಾನದಿಂದ ಮುಕ್ಕಾಲು ಅಂಗುಲ ಹೊರಗೆಳೆದು ಶಾಫ್ಟಿನ ಉದ್ದ ತೆಗೆದುಕೊಳ್ಳಿ. ಶಾಫ್ಟ್ ಮಾಡಿಸುವುದು ಕೊನೆಗೆ. ಮೊದಲೇ ಶಾಫ್ಟ್ ತರಿಸಿಕೊಂಡು ಅದಕ್ಕೆ ತಕ್ಕಂತೆ ಗೇರ್‌ಬಾಕ್ಸನ್ನು ಎಳೆದಾಡುವುದನ್ನು ದಯವಿಟ್ಟು ನಿಲ್ಲಿಸಿ.

ಇನ್ನು ನಿಮ್ಮ ನಡುಕ. ಬ್ಯಾಲೆನ್ಸ್ ತಪ್ಪಿದ ಶಾಫ್ಟ್ ಸುತ್ತಿಗೊಮ್ಮೆ ಅಲುಗುತ್ತದೆ, ಕೋನ ತಪ್ಪಿದ್ದು ಸುತ್ತಿಗೆ ಎರಡು ಬಾರಿ. 3.70 ಅನುಪಾತದ ಡಿಫರೆನ್ಷಿಯಲ್, 27 ಅಂಗುಲದ ಟೈರು ಇದ್ದರೆ ಗಂಟೆಗೆ 110 ಕಿಲೋಮೀಟರಿನಲ್ಲಿ ಶಾಫ್ಟ್ ನಿಮಿಷಕ್ಕೆ ಸುಮಾರು 3150 ಸುತ್ತು ತಿರುಗುತ್ತದೆ, ಸೆಕೆಂಡಿಗೆ 52. ನಡುಕ 52ರಲ್ಲಿದ್ದರೆ ಬ್ಯಾಲೆನ್ಸ್, 105ರ ಆಸುಪಾಸಿನಲ್ಲಿದ್ದರೆ ಕೋನ, 14ರಲ್ಲಿದ್ದರೆ ಚಕ್ರ. ಮೊಬೈಲಿನಲ್ಲಿರುವ ಕಂಪನಮಾಪಕ ಆ್ಯಪ್‌ಗಳಲ್ಲಿ ಕೆಲವು ಇಷ್ಟನ್ನು ತೋರಿಸುತ್ತವೆ. ನೀವು ಬರೆದ ಗುಂಯ್ ಎರಡನೆಯದೆಂದೇ ನನ್ನ ಊಹೆ. ಅದೇ ವೇಗದಲ್ಲಿ ನಾಲ್ಕರಿಂದ ಐದಕ್ಕೆ ಗೇರ್ ಬದಲಿಸಿ ನೋಡಿ. ನಡುಕ ಹಾಗೇ ಉಳಿದರೆ ಎಂಜಿನ್ ನಿರಪರಾಧಿ. ಐದನೆಯ ಗೇರಿನ ಅನುಪಾತ 0.68 ಆದರೆ ಎಂಜಿನ್ 2140ಕ್ಕೆ ಇಳಿಯುತ್ತದೆ, ಶಾಫ್ಟ್ ಮಾತ್ರ ಅದೇ 3150ರಲ್ಲಿರುತ್ತದೆ. ಐದನೆಯ ಗೇರು ಶಾಫ್ಟಿಗೆ ವಿಶ್ರಾಂತಿ ಕೊಡುತ್ತದೆ ಎಂದುಕೊಂಡವರು ಇದನ್ನು ಗಮನಿಸಬೇಕು.

ನೀವು ಕೇಳದ ಒಂದು ವಿಷಯವನ್ನು ಹೇಳದೆ ಬಿಡಲಾರೆ. ಈ ಕಾರಿನಲ್ಲಿ ಯೂನಿವರ್ಸಲ್ ಜಾಯಿಂಟ್ ಎರಡಲ್ಲ, ಆರು. ಉಳಿದ ನಾಲ್ಕು ಚಕ್ರಗಳಿಗೆ ಹೋಗುವ ಎರಡು ಹಾಫ್ ಶಾಫ್ಟುಗಳಲ್ಲಿವೆ. ಬೇರೆ ಕಾರುಗಳಲ್ಲಿ ಹಾಫ್ ಶಾಫ್ಟಿನ ಕೆಲಸ ಬರೀ ತಿರುಗುವುದು. ಇಲ್ಲಿ ಅದು ಸಸ್ಪೆನ್ಷನ್ನಿನ ಮೇಲಿನ ತೋಳೂ ಹೌದು; ತಿರುವಿನಲ್ಲಿ ಚಕ್ರವನ್ನು ನೆಟ್ಟಗೆ ಹಿಡಿಯುವ ಬಲವೆಲ್ಲ ಅದೇ ನಾಲ್ಕು ಜಾಯಿಂಟುಗಳ ಮೂಲಕ ಹಾಯುತ್ತದೆ. ಅವುಗಳಲ್ಲಿ ಒಂದು ಮುರಿದರೆ ಚಕ್ರಕ್ಕೆ ಮೇಲಿನ ಆಸರೆಯೇ ಇಲ್ಲ. ಐವತ್ತು ವರ್ಷ ದಾಟಿದ ಜಾಯಿಂಟುಗಳನ್ನು ಅಲ್ಲೇ ಬಿಟ್ಟು ನಡುವಿನ ಶಾಫ್ಟಿಗೆ ಮಾತ್ರ 1350 ಹಾಕಿಸುವುದು ನನಗೆ ಒಪ್ಪಿಗೆಯಿಲ್ಲ.

ಕಾರಿನ ಕೆಳಗೆ ಹೇಗೂ ಮಲಗಿರುತ್ತೀರಿ, ಆಗಲೇ ಇನ್ನೊಂದನ್ನೂ ಪರೀಕ್ಷಿಸಿ. ಡಿಫರೆನ್ಷಿಯಲ್‌ನ ಎರಡು ಪಕ್ಕದಿಂದ ಹೊರಬರುವ ಯೋಕ್‌ಗಳನ್ನು ಕೈಯಲ್ಲಿ ಹಿಡಿದು ಒಳಗೆ ಹೊರಗೆ ಎಳೆಯಿರಿ. ಹಾಫ್ ಶಾಫ್ಟಿನ ಒತ್ತಡದಿಂದ ಅವುಗಳ ಒಳತುದಿ ಡಿಫರೆನ್ಷಿಯಲ್‌ನ ನಡುವಿನ ಪಿನ್ನಿಗೆ ಉಜ್ಜಿ ಸವೆಯುತ್ತದೆ. ಈ ಕಾರುಗಳಲ್ಲಿ ಹೆಸರಾದ ದೋಷ ಇದು. ಕಣ್ಣಿಗೆ ಕಾಣುವಷ್ಟು ಆಟ ಇದ್ದರೆ ಗೇರ್‌ಬಾಕ್ಸಿನ ಕೆಲಸ ಅಲ್ಲಿಗೇ ನಿಲ್ಲಿಸಿ, ಡಿಫರೆನ್ಷಿಯಲ್ ಮೊದಲು ಇಳಿಸಿ. ಅದು ಮತ್ತೆ ಕೂತ ಮೇಲೆ ಪಿನಿಯನ್ನಿನ ಕೋನವನ್ನು ಹೊಸದಾಗಿ ಓದಬೇಕು, ಕ್ರಾಸ್‌ಮೆಂಬರಿನ ಎತ್ತರವನ್ನು ಆ ಓದಿನ ಮೇಲೆಯೇ ಹೊಂದಿಸಬೇಕು.