ದಾಖಲೆಯೆಲ್ಲ ಸುಟ್ಟುಹೋಯ್ತಂತೆ, ಹೌದಾ ಸಾರ್?

ಪ್ರಶ್ನೆ: ಸಾರ್, ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ ಒಂದು ಹಳೇ ಬೆಳ್ಳಿ ಪದಕ ಸಿಕ್ಕಿತು. ಅಂಚಿನಲ್ಲಿ ಎಚ್ ಅಕ್ಷರ, ನಂಬರು, ಒಂದು ಹೆಸರು, ಕೊನೆಗೆ 7-ಎಚ್‌ಆರ್‌ಎಸ್ ಅಂತ ಕೊರೆದಿದೆ. ಇದು ಬೆಂಗಳೂರು ದಂಡಿನಲ್ಲಿದ್ದ ಬ್ರಿಟಿಷ್ ಕುದುರೆ ಪಡೆ ಅಂದರು. ಮೊದಲ ಮಹಾಯುದ್ಧದಲ್ಲಿ ಈ ರೆಜಿಮೆಂಟು ಎಲ್ಲಿತ್ತು, ಏನು ಮಾಡಿತು ಅಂತ ಹುಡುಕೋದು ಹೇಗೆ? ದಾಖಲೆಯೆಲ್ಲ ಲಂಡನ್ನಿನಲ್ಲಿ ಬಾಂಬು ಬಿದ್ದು ಸುಟ್ಟುಹೋಯ್ತಂತೆ, ಹೌದಾ?

ಉತ್ತರ: ಕೊನೇ ಸಾಲು ಇಲ್ಲದಿದ್ದರೆ ಈ ಉತ್ತರ ಅರ್ಧ ಪುಟದಲ್ಲಿ ಮುಗಿಯುತ್ತಿತ್ತು. ಪದಕ ಬೇರೆ, ರೆಜಿಮೆಂಟು ಬೇರೆ, ಊರು ಬೇರೆ, ಆದರೆ ಪ್ರತಿಯೊಬ್ಬರ ಪತ್ರದ ಕೊನೆಯಲ್ಲೂ ಇದೇ "ಸುಟ್ಟುಹೋಯ್ತಂತೆ" ಇರುತ್ತದೆ. ಹಾಗಾಗಿ ಈ ಸಲ ಒಮ್ಮೆಗೇ ಬರೆದು ಮುಗಿಸುತ್ತೇನೆ. ಇನ್ನು ಮುಂದೆ ಯಾರು ಕೇಳಿದರೂ ಇದನ್ನೇ ಕಳಿಸೋದು.

ಮೊದಲು ನಿಮ್ಮ ಪದಕ. ಎಚ್‌ಆರ್‌ಎಸ್ ಅಂದರೆ ಹುಸಾರ್ಸ್, ಹಗುರ ಕುದುರೆ ಪಡೆ. ನಿಮ್ಮದು ಏಳನೇ ಹುಸಾರ್ಸ್, ಪೂರ್ತಿ ಹೆಸರು ಸೆವೆಂತ್ ಕ್ವೀನ್ಸ್ ಓನ್ ಹುಸಾರ್ಸ್. 1914ರ ಆಗಸ್ಟಿನಲ್ಲಿ ಯುದ್ಧ ಶುರುವಾದಾಗ ಇವರು ಬೆಂಗಳೂರಿನಲ್ಲೇ ಇದ್ದರು. ನಿಮಗೆ ಹೇಳಿದವರು ಸರಿಯಾಗಿಯೇ ಹೇಳಿದ್ದಾರೆ. ಹೆಸರಿನ ಮುಂದೆ ಪಿಟಿಇ ಅಂತಿದ್ದರೆ ಗಾಬರಿಯಾಗಬೇಡಿ, ಅದು ಪ್ರೈವೇಟ್. ಮಾಮೂಲಿ ಕುದುರೆ ರೆಜಿಮೆಂಟಿನ ಸಿಪಾಯಿಯನ್ನು ಟ್ರೂಪರ್ ಅಂತ ಕರೆಯೋದು ಬಂದದ್ದು 1920ರ ದಶಕದಲ್ಲಿ. ನಂಬರಿನ ಮುಂದಿನ ಎಚ್ ಕೂಡ ಹುಸಾರ್ಸ್ ಅಂತಲೇ. ಆಗ ಹುಸಾರ್ ರೆಜಿಮೆಂಟುಗಳಿಗೆಲ್ಲ ಸೇರಿ ಒಂದೇ ನಂಬರಿನ ಸಾಲು ಇತ್ತು, ಒಬ್ಬನನ್ನು ನಾಲ್ಕನೇ ಹುಸಾರ್ಸಿನಿಂದ ಏಳಕ್ಕೆ ಹಾಕಿದರೂ ನಂಬರು ಅದೇ. ಅದಕ್ಕೇ ನಿಮ್ಮ ಮನುಷ್ಯ ಯುದ್ಧಪೂರ್ತಿ ಏಳನೇ ಹುಸಾರ್ಸಿನಲ್ಲೇ ಇದ್ದ ಅಂತ ಪದಕ ನೋಡಿ ತೀರ್ಮಾನ ಮಾಡಬೇಡಿ.

ಈಗ ಬೆಂಕಿಯ ವಿಷಯ.

ಬೆಂಕಿ ಬಿದ್ದದ್ದು ನಿಜ. 1940ರ ಸೆಪ್ಟೆಂಬರಿನಲ್ಲಿ ಜರ್ಮನ್ ವಿಮಾನಗಳ ಬಾಂಬು ಲಂಡನ್ನಿನ ಆರ್ನ್‌ಸೈಡ್ ಸ್ಟ್ರೀಟಿನಲ್ಲಿದ್ದ ವಾರ್ ಆಫೀಸಿನ, ಅಂದರೆ ಬ್ರಿಟಿಷ್ ಸೈನ್ಯದ ಇಲಾಖೆಯ, ಒಂದು ಉಗ್ರಾಣದ ಮೇಲೆ ಬಿತ್ತು. ಅಲ್ಲಿ ಇದ್ದದ್ದು ಏನು? ಮೊದಲ ಮಹಾಯುದ್ಧದ ಸಿಪಾಯಿಗಳ ಸರ್ವಿಸ್ ಫೈಲುಗಳು. ಅಂದರೆ ಯಾವಾಗ ಸೇರಿದ, ಎತ್ತರ ಎಷ್ಟು, ಮದುವೆ ಆಗಿತ್ತಾ, ಕುಡಿದು ಗಲಾಟೆ ಮಾಡಿ ಎಷ್ಟು ದಿನ ಸಂಬಳ ಕಳಕೊಂಡ, ಇಂಥದ್ದೆಲ್ಲ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಯ್ತು. ಉಳಿದವು ಅಂಚು ಕರಕಲಾಗಿ, ಬೆಂಕಿ ಆರಿಸಿದ ನೀರಿನಲ್ಲಿ ನೆಂದು, ಒಂದಕ್ಕೊಂದು ಅಂಟಿಕೊಂಡು ಉಳಿದವು. ಅವಕ್ಕೆ ಈಗಲೂ "ಸುಟ್ಟ ದಾಖಲೆ" ಅಂತಲೇ ಹೆಸರು, ಡಬ್ಲ್ಯುಓ 363 ಅನ್ನೋ ಗುರುತಿನಲ್ಲಿವೆ (ಡಬ್ಲ್ಯುಓ ಅಂದರೆ ವಾರ್ ಆಫೀಸ್). ಪಿಂಚಣಿ ಇಲಾಖೆಯಿಂದ ತಂದು ಸೇರಿಸಿದ "ಸುಡದ ದಾಖಲೆ" ಡಬ್ಲ್ಯುಓ 364. ಎರಡೂ ಸೇರಿದರೆ ಸುಮಾರು 28 ಲಕ್ಷ ಜನರ ಕಾಗದ ಇದೆ. 28 ಲಕ್ಷ! ಇದಕ್ಕೆ "ಎಲ್ಲ ಸುಟ್ಟುಹೋಯ್ತು" ಅನ್ನೋದಾ?

ಇಷ್ಟಕ್ಕೇ ಮುಗಿಯಲಿಲ್ಲ. ನೀವು ಕೇಳಿದ್ದು ರೆಜಿಮೆಂಟಿನ ಚರಿತ್ರೆ, ಸುಟ್ಟದ್ದು ವ್ಯಕ್ತಿಗಳ ಫೈಲು. ಇವೆರಡಕ್ಕೂ ಸಂಬಂಧ ಇಲ್ಲ. ಶಾಲೆಯ ಟಿ.ಸಿ. ಇಟ್ಟ ಬೀರು ಸುಟ್ಟಿತು ಅಂದರೆ ಹಾಜರಿ ಪುಸ್ತಕ, ಲಾಗ್ ಬುಕ್ಕು, ಬಹುಮಾನದ ಪಟ್ಟಿ ಎಲ್ಲ ಹೋಯ್ತು ಅಂತ ಅರ್ಥವಾ? ರೆಜಿಮೆಂಟು ದಿನಾ ಎಲ್ಲಿತ್ತು ಅಂತ ಹೇಳೋದು ವಾರ್ ಡೈರಿ. ಅದು ಡಬ್ಲ್ಯುಓ 95 ಅನ್ನೋ ಸಾಲಿನಲ್ಲಿದೆ, ಲಂಡನ್ ಹೊರವಲಯದ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸಿನಲ್ಲಿ. ಅದು ಆ ಉಗ್ರಾಣದ ಬೆಂಕಿಗೆ ಸಿಗಲೇ ಇಲ್ಲ. ಪದಕದ ಕಾರ್ಡುಗಳು, ಡಬ್ಲ್ಯುಓ 372, ಸುಡಲಿಲ್ಲ. 50 ಲಕ್ಷಕ್ಕೂ ಜಾಸ್ತಿ ಇವೆ. ಪದಕದ ರಿಜಿಸ್ಟರುಗಳು, ಡಬ್ಲ್ಯುಓ 329, ಅವೂ ಸುಡಲಿಲ್ಲ.

ಕುದುರೆ ಪಡೆಯವರಿಗೆ ಇನ್ನೂ ಒಂದು ಅನುಕೂಲ ಇದೆ, ಇದನ್ನು ಯಾರೂ ಗಮನಿಸೋದಿಲ್ಲ. ಏಳನೇ ಹುಸಾರ್ಸಿನಂಥ ರೆಜಿಮೆಂಟಿನಲ್ಲಿ ತುಂಬಾ ಜನ ಯುದ್ಧಕ್ಕೆ ಅಂತ ಸೇರಿದವರಲ್ಲ, ಕಸುಬಿನ ಸಿಪಾಯಿಗಳು. 1914ಕ್ಕೆ ಮೊದಲೇ ಸರ್ವಿಸ್ ಮುಗಿಸಿ ಪಿಂಚಣಿ ತಗೊಂಡವನ ಕಾಗದ ಡಬ್ಲ್ಯುಓ 97ರಲ್ಲಿ ಕ್ಷೇಮವಾಗಿದೆ. 1920 ದಾಟಿಯೂ ನೌಕರಿಯಲ್ಲಿದ್ದವನ ಫೈಲು ಆ ಉಗ್ರಾಣಕ್ಕೆ ಹೋಗಲೇ ಇಲ್ಲ, ಯಾಕೆಂದರೆ ಅದು ಇನ್ನೂ ಚಾಲ್ತಿಯಲ್ಲಿತ್ತು. ರಾಜನ ಅಂಗರಕ್ಷಕ ಕುದುರೆ ಪಡೆ, ಅಂದರೆ ಹೌಸ್‌ಹೋಲ್ಡ್ ಕ್ಯಾವಲ್ರಿ, ಅವರ ಫೈಲುಗಳು ಬೇರೆಯೇ ಸಾಲಿನಲ್ಲಿ ಉಳಿದಿವೆ, ಡಬ್ಲ್ಯುಓ 400.

ಬೆಂಗಳೂರಿನಲ್ಲಿದ್ದವನು ಅಂದಮೇಲೆ ಲಂಡನ್ನಿನ ವಾರ್ ಆಫೀಸಿಗೆ ಸಂಬಂಧವೇ ಇಲ್ಲದ ಕಾಗದವೂ ಇರುತ್ತದೆ. ದಂಡಿನ ಚರ್ಚುಗಳಲ್ಲಿ ಆದ ಮದುವೆ, ನಾಮಕರಣ, ಸಂಸ್ಕಾರ ಎಲ್ಲದರ ನಕಲನ್ನು ಮದ್ರಾಸ್ ಪ್ರೆಸಿಡೆನ್ಸಿಯ ಮೂಲಕ ಇಂಡಿಯಾ ಆಫೀಸಿಗೆ, ಅಂದರೆ ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಲಂಡನ್ನಿನ ಇಲಾಖೆಗೆ, ಕಳಿಸುತ್ತಿದ್ದರು. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ, ಎನ್/2 ಅನ್ನೋ ಸಾಲಿನಲ್ಲಿ. ಇಲ್ಲೇ ಜ್ವರ ಬಂದು ಸತ್ತವನ ಸಮಾಧಿ ಸಿಗದಿದ್ದರೆ ಚೆನ್ನೈನ ನಂದಂಬಾಕ್ಕಂನಲ್ಲಿ ಒಂದು ಸ್ಮಾರಕ ಇದೆ. ನೋಡಿಕೊಳ್ಳೋಕೆ ಆಗದ ಊರೂರಿನ ಸ್ಮಶಾನಗಳಲ್ಲಿ ಮಲಗಿರುವ ಸಿಪಾಯಿಗಳ ಹೆಸರು ಅದರ ಮೇಲಿದೆ.

ಹಾಗಾದರೆ ಈ ಸುಳ್ಳು ಸಾಯೋದಿಲ್ಲ ಯಾಕೆ? ನನಗೆ ಅನ್ನಿಸೋದು, ಅದು ಒಳ್ಳೇ ನೆಪ. ಒಂದು ವೆಬ್‌ಸೈಟಿನಲ್ಲಿ ಹೆಸರು ಹೊಡೆದು ನೋಡುತ್ತಾರೆ, ಸಿಗೋದಿಲ್ಲ, "ಓ, ಸುಟ್ಟುಹೋಗಿದೆ" ಅಂದುಕೊಂಡು ಮುಚ್ಚುತ್ತಾರೆ. ಹೆಸರಿನ ಕಾಗುಣಿತ ಬೇರೆ ಇರಬಹುದು, ಬರೀ ಇನಿಷಿಯಲ್ ಇರಬಹುದು ಅಂತ ಎರಡನೇ ಸಲ ಹುಡುಕೋದಿಲ್ಲ.

ಏಳನೇ ಹುಸಾರ್ಸಿಗೆ ಮಾತ್ರ ಈ ಸುಳ್ಳು ಇನ್ನೂ ಗಟ್ಟಿಯಾಗಿ ಅಂಟಿಕೊಳ್ಳೋಕೆ ಒಂದು ವಿಶೇಷ ಕಾರಣ ಇದೆ, ಸ್ವಲ್ಪ ನಿಧಾನಕ್ಕೆ ಓದಿ. ಪದಕದ ಕಾರ್ಡಿನಲ್ಲಿ "ಮೊದಲು ಕಾಲಿಟ್ಟ ರಣರಂಗ" ಅಂತ ಒಂದು ಜಾಗ, "ಕಾಲಿಟ್ಟ ದಿನಾಂಕ" ಅಂತ ಇನ್ನೊಂದು ಜಾಗ ಇರುತ್ತದೆ. 1915ರ ಕೊನೆಯೊಳಗೆ ಯುದ್ಧಭೂಮಿಗೆ ಹೋದವರಿಗೆ ಒಂದು ಸ್ಟಾರ್ ಪದಕ ಇತ್ತು, ಅದಕ್ಕೆ ಅರ್ಹನೋ ಅಲ್ಲವೋ ಅಂತ ನೋಡೋಕೆ ದಿನಾಂಕ ಬೇಕಿತ್ತು. 1916 ಶುರುವಾದ ಮೇಲೆ ಹೋದವರಿಗೆ ಸ್ಟಾರ್ ಇಲ್ಲ, ಹಾಗಾಗಿ ಗುಮಾಸ್ತರು ಆ ಜಾಗ ತುಂಬುವ ಗೋಜಿಗೆ ಸಾಮಾನ್ಯವಾಗಿ ಹೋಗಲಿಲ್ಲ. ಏಳನೇ ಹುಸಾರ್ಸು ಬೆಂಗಳೂರಿನಿಂದ ಫ್ರಾನ್ಸಿಗೆ ಹೋಗಲಿಲ್ಲ. ಮೂರು ವರ್ಷಕ್ಕೂ ಜಾಸ್ತಿ ಭಾರತದಲ್ಲೇ ಉಳಿದು, 1917ರ ನವೆಂಬರಿನ ಕೊನೆಗೆ ಬಸ್ರಾದಲ್ಲಿ ಇಳಿದರು. ಆದ್ದರಿಂದ ರೆಜಿಮೆಂಟಿನ ಜೊತೆ ಹೋದವನ ಕಾರ್ಡಿನಲ್ಲಿ ಆ ಎರಡೂ ಜಾಗ ಖಾಲಿ. ಸ್ಟಾರೂ ಇಲ್ಲ, ಎರಡೇ ಪದಕ. ಇದನ್ನು ನೋಡಿ ಜನ ಏನನ್ನುತ್ತಾರೆ? "ಮೂರನೇ ಪದಕ ಕಳೆದಿದೆ, ದಾಖಲೆ ಸುಟ್ಟಿದೆ." ಏನೂ ಕಳೆದಿಲ್ಲ ಮಾರಾಯ್ರೇ, ಏನೂ ಸುಟ್ಟಿಲ್ಲ. ಗುಮಾಸ್ತ ಬರೆಯಲಿಲ್ಲ, ಅಷ್ಟೇ. ನಗಬೇಡಿ, ಇದು ಗೊತ್ತಾಗುವ ಮೊದಲು ನಾನೂ ಒಂದು ತಿಂಗಳು ಫ್ರಾನ್ಸಿನ ಡೈರಿಗಳಲ್ಲಿ ಈ ರೆಜಿಮೆಂಟನ್ನು ಹುಡುಕಿದ್ದೇನೆ.

ಈಗ ಡೈರಿ. ಕ್ಯೂನಲ್ಲಿ ಮೆಸೊಪೊಟೇಮಿಯಾದ ಡೈರಿಗಳ ಸಾಲಿನಲ್ಲಿ ನೋಡಬೇಕು, ಅಂದರೆ ಇವತ್ತಿನ ಇರಾಕ್. ಹನ್ನೊಂದನೇ ಇಂಡಿಯನ್ ಕ್ಯಾವಲ್ರಿ ಬ್ರಿಗೇಡ್ ಅಂತ ಹುಡುಕಿ, ಬ್ರಿಗೇಡಿನ ಕೆಳಗೆ ರೆಜಿಮೆಂಟು ಸಿಗುತ್ತದೆ. ಪುಟ ನೋಡಿದರೆ ಮೊದಲು ನಿರಾಸೆ ಆಗುತ್ತದೆ. ಅಚ್ಚಾದ ಫಾರಂ, ಮೂಲೆಯಲ್ಲಿ ಸಿ.2118 ಅಂತ ಇರುತ್ತದೆ. ಎಡಗಡೆ ಸ್ಥಳ, ದಿನಾಂಕ, ಗಂಟೆ, ನಡುವೆ ದೊಡ್ಡ ಜಾಗ, ಬಲಗಡೆ ಷರಾ. ಪೆನ್ಸಿಲ್ಲಿನ ಬರಹ, ಸಾಮಾನ್ಯವಾಗಿ ಅಡ್ಜುಟಂಟನದು, ಅಂದರೆ ರೆಜಿಮೆಂಟಿನ ಕಾಗದಪತ್ರ ನೋಡುವ ಆಫೀಸರನದು, ಟೆಂಟಿನಲ್ಲಿ ಮೊಣಕಾಲ ಮೇಲೆ ಇಟ್ಟು ಗೀಚಿದ ಹಾಗೆ. ಹೆಚ್ಚಿನ ದಿನಗಳಿಗೆ ಒಂದೇ ಸಾಲು: ಲಾಯದ ಕೆಲಸ, ಕುದುರೆಗಳ ಓಡಾಟ, ಅಷ್ಟೇ. ಆಫೀಸರಿಗೆ ಗಾಯವಾದರೆ ಹೆಸರು ಬರುತ್ತದೆ. ಸಿಪಾಯಿ ಸತ್ತರೆ ಓ.ಆರ್. (ಅದರ್ ರ‍್ಯಾಂಕ್ಸ್, ಆಫೀಸರಲ್ಲದವರು) ಅಂತ, ಎಷ್ಟು ಜನ ಅಂತ ಸಂಖ್ಯೆ ಮಾತ್ರ, ಅದರ ಪಕ್ಕದಲ್ಲೇ ಕುದುರೆಗಳ ಸಂಖ್ಯೆ. ನಿಮ್ಮ ಪದಕದವನ ಹೆಸರು ಅಲ್ಲಿ ಸಿಗುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಅವನು ಆ ಸಂಖ್ಯೆಯೊಳಗೆ ಇರುತ್ತಾನೆ.

ನೀವು ಮೊದಲು ತೆಗೆಯಬೇಕಾದ ತಿಂಗಳು 1918ರ ಮಾರ್ಚ್. ಆ ತಿಂಗಳ 26ರಂದು ಯೂಫ್ರೆಟಿಸ್ ದಂಡೆಯ ಖಾನ್ ಬಗ್ದಾದಿಯಲ್ಲಿ ಈ ಬ್ರಿಗೇಡು ಮರುಭೂಮಿಯಲ್ಲಿ ದೊಡ್ಡ ಸುತ್ತು ಹಾಕಿ, ತುರ್ಕರ ಬೆನ್ನ ಹಿಂದೆ ಹೋಗಿ ಅಲೆಪ್ಪೊ ದಾರಿಗೆ ಅಡ್ಡ ಕೂತಿತು. ಮುಂದಿನಿಂದ ಕಾಲಾಳು, ಹಿಂದಿನಿಂದ ಕುದುರೆ. ಸುಮಾರು 5,000 ಜನ ಸೆರೆಸಿಕ್ಕರು. ಆಮೇಲೆ ಅಕ್ಟೋಬರ್ ತೆಗೆಯಿರಿ, ಟೈಗ್ರಿಸ್ ದಂಡೆಯ ಶರ್ಕಾತ್. ಅಲ್ಲೂ ಅದೇ ಉಪಾಯ: ನದಿ ದಾಟಿ ಹಿಂದಿನ ದಾರಿ ಮುಚ್ಚೋದು. ಅಲ್ಲಿನ ತುರ್ಕಿ ಪಡೆ ಅಕ್ಟೋಬರ್ 30ಕ್ಕೆ ಶರಣಾಯಿತು, ಅದೇ ದಿನ ಗ್ರೀಸಿನ ಮುದ್ರೋಸ್ ಬಂದರಿನಲ್ಲಿ ತುರ್ಕಿಯ ಕದನವಿರಾಮಕ್ಕೆ ಸಹಿ ಬಿತ್ತು. ರೆಜಿಮೆಂಟಿನ ಡೈರಿ ಒಂದು ದಿನ ಸಪ್ಪೆ ಇದ್ದರೆ ಬ್ರಿಗೇಡಿನ ಡೈರಿ ನೋಡಿ, ಒಂದೇ ದಿನದ ಕಥೆ ಮೇಲಿನಿಂದ ನೋಡಿದವನು ಬೇರೆ ಥರ ಬರೆದಿರುತ್ತಾನೆ.

ಡೈರಿಯಲ್ಲಿ ಸಿಗದ್ದು ಮ್ಯೂಸಿಯಮ್ಮಿನಲ್ಲಿ ಸಿಗಬಹುದು. ಏಳನೇ ಹುಸಾರ್ಸು 1958ರಲ್ಲಿ ಮೂರನೇ ಹುಸಾರ್ಸಿನ ಜೊತೆ ಸೇರಿತು, ಹಾಗೆ ಸೇರಿದ್ದು 1993ರಲ್ಲಿ ಮತ್ತೊಂದರ ಜೊತೆ ಸೇರಿ ಕ್ವೀನ್ಸ್ ರಾಯಲ್ ಹುಸಾರ್ಸ್ ಆಯಿತು. ಅವರ ಮ್ಯೂಸಿಯಂ ಇಂಗ್ಲೆಂಡಿನ ವಾರಿಕ್ ಪಟ್ಟಣದಲ್ಲಿದೆ. ಪತ್ರ ಬರೆಯುವಾಗ "ಎಲ್ಲ ಮಾಹಿತಿ ಕಳಿಸಿ" ಅನ್ನಬೇಡಿ. ಹೆಸರು, ನಂಬರು, ಯಾವ ತಿಂಗಳು, ಇಷ್ಟು ಕೇಳಿ.

ಮತ್ತೆ, ದಯವಿಟ್ಟು ಚರ್ಚಿಲ್ ಬಗ್ಗೆ ಕೇಳಬೇಡಿ. ಅವನು ಬೆಂಗಳೂರಿಗೆ ಬಂದದ್ದು 1896ರಲ್ಲಿ, ನಾಲ್ಕನೇ ಹುಸಾರ್ಸಿನಲ್ಲಿ. ಏಳರಲ್ಲಲ್ಲ. ಬೆಂಗಳೂರು ಕ್ಲಬ್ಬಿನಲ್ಲಿ 13 ರೂಪಾಯಿ ಬಾಕಿ ಉಳಿಸಿಹೋದ ಕಥೆ ನನಗೂ ಗೊತ್ತು.

ನೀವು ಕೇಳಲಿಲ್ಲ, ಆದರೂ ಇದೊಂದನ್ನು ಹೇಳದೆ ಬಿಡೋಕೆ ಮನಸ್ಸಿಲ್ಲ. ಇದೇ ರೆಜಿಮೆಂಟು ಎರಡನೇ ಮಹಾಯುದ್ಧದಲ್ಲಿ ಮತ್ತೆ ನಮ್ಮ ಕಡೆಗೆ ಬಂತು, ಕುದುರೆ ಇಲ್ಲದೆ. ಅಷ್ಟರಲ್ಲಿ ಕುದುರೆ ಹೋಗಿ ಟ್ಯಾಂಕು ಬಂದಿತ್ತು, ಹೆಸರು ಮಾತ್ರ ಹುಸಾರ್ಸ್ ಅಂತಲೇ ಉಳಿದಿತ್ತು. 1942ರ ಫೆಬ್ರವರಿಯಲ್ಲಿ, ಜಪಾನೀಯರು ಹತ್ತಿರ ಬರುತ್ತಿರುವಾಗ, ಅಮೆರಿಕದ ಸ್ಟುವರ್ಟ್ ಟ್ಯಾಂಕುಗಳ ಜೊತೆ ಇವರನ್ನು ರಂಗೂನಿನಲ್ಲಿ ಇಳಿಸಿದರು. ಅಲ್ಲಿಂದ ಇಡೀ ಬರ್ಮಾ ಉದ್ದಕ್ಕೂ ಹೋರಾಡುತ್ತಾ, ಸೈನ್ಯದ ಹಿಮ್ಮೆಟ್ಟುವಿಕೆಯನ್ನು ಕಾಯುತ್ತಾ ಮೇ ತಿಂಗಳಲ್ಲಿ ಚಿಂದ್ವಿನ್ ನದಿಯ ದಂಡೆಗೆ ಬಂದರು. ದಾಟಿಸೋಕೆ ದೋಣಿ ಇಲ್ಲ. ಅಷ್ಟು ದೂರ ತಂದ ಟ್ಯಾಂಕುಗಳನ್ನು ತಾವೇ ಹಾಳುಮಾಡಿ, ನದಿ ದಾಟಿ ಕಾಲ್ನಡಿಗೆಯಲ್ಲಿ ಇಂಫಾಲದ ಕಡೆ ನಡೆದರು. ಒಂದೇ ಒಂದು ಟ್ಯಾಂಕು ಮಾತ್ರ ದಾಟಿತು. ಅದರ ಹೆಸರು "ಕರ್ಸ್ ಆಫ್ ಸ್ಕಾಟ್ಲೆಂಡ್", ಇಸ್ಪೀಟಿನಲ್ಲಿ ಡೈಮಂಡಿನ ಒಂಬತ್ತಕ್ಕೆ ಇಂಗ್ಲಿಷರು ಇಟ್ಟ ಅಡ್ಡಹೆಸರು. ಆಮೇಲೆ ಅದರ ಮೇಲಿನ ತಿರುಗುವ ಗೋಪುರ ತೆಗೆದು ನಮ್ಮ ಭಾರತೀಯ ಸೈನ್ಯದ ಏಳನೇ ಲೈಟ್ ಕ್ಯಾವಲ್ರಿಯವರು ಕಮಾಂಡ್ ಗಾಡಿಯಾಗಿ ಮಾಡಿಕೊಂಡರು. ಯುದ್ಧ ತಿರುಗಿದಾಗ ಅದೇ ಗಾಡಿ ಮತ್ತೆ ಬರ್ಮಾಕ್ಕೆ ಹೋಯಿತು.

ಆ ಕಥೆಯ ಡೈರಿ ಬೇಕಾದರೆ ಡಬ್ಲ್ಯುಓ 95 ಅಲ್ಲ, ಡಬ್ಲ್ಯುಓ 172. ಫೆಬ್ರವರಿಯಿಂದ ಮೇವರೆಗಿನದು ತೆಗೆಸಿ. ಅದೂ ಸುಟ್ಟಿಲ್ಲ.