ಮರದಲ್ಲೇ ಹಣ್ಣಾಗಲು ಬಿಡಬೇಕಾ, ಕಾಯಿ ಇದ್ದಾಗಲೇ ಕೀಳಬೇಕಾ?

ಪ್ರಶ್ನೆ: ನಮ್ಮ ಹಿತ್ತಲಲ್ಲಿ ಮಾವು, ಸಪೋಟ, ದಾಳಿಂಬೆ ಇವೆ. ಕಿತ್ತಿಟ್ಟ ಕಾಯಿಗಳಲ್ಲಿ ಕೆಲವು ಚೆನ್ನಾಗಿ ಹಣ್ಣಾಗುತ್ತವೆ, ಕೆಲವು ಸುಕ್ಕುಗಟ್ಟುತ್ತವೆ. ಮರದಲ್ಲೇ ಬಿಟ್ಟರೆ ಅಳಿಲು, ಬಾವಲಿಗಳ ಪಾಲು. ಯಾವಾಗ ಕೀಳಬೇಕು?

ಉತ್ತರ: ಬಲಿಯುವುದು ಬೇರೆ, ಹಣ್ಣಾಗುವುದು ಬೇರೆ. ಬಲಿಯುವ ಕೆಲಸ ಮರದಲ್ಲೇ ಮುಗಿಯಬೇಕು. ಮಾವು, ಸಪೋಟ, ಬಾಳೆ ಬಲಿಯುವಾಗ ಒಳಗೆ ಪಿಷ್ಟ ಕೂಡಿಟ್ಟುಕೊಳ್ಳುತ್ತವೆ. ಕಿತ್ತ ಮೇಲೆ ಕಾಯಿಯಿಂದಲೇ ಎಥಿಲೀನ್ ಅನ್ನೋ ಅನಿಲ ಹೊರಡುತ್ತದೆ, ಆ ಪಿಷ್ಟ ಸಕ್ಕರೆಯಾಗುತ್ತದೆ. ಎಳೆಗಾಯಿ ಕಿತ್ತರೆ ಸಿಹಿಯಾಗಲು ಒಳಗೆ ಏನಿರುತ್ತೆ ಹೇಳಿ? ಸುಕ್ಕುಗಟ್ಟುವುದು ಇವೇ.

ಸಪೋಟ ಬಲಿತಿದೆಯಾ ಅಂತ ಕಣ್ಣಿಗೆ ಗೊತ್ತಾಗುವುದು ಕಷ್ಟ. ಉಗುರಿನ ಪರೀಕ್ಷೆ ನನಗೆ ತುಂಬಾ ಇಷ್ಟ. ಮೇಲಿನ ಕಂದು ಹುಡಿಯನ್ನು ಹೆಬ್ಬೆರಳಿಂದ ಉಜ್ಜಿ, ಸಿಪ್ಪೆಯನ್ನು ಉಗುರಿಂದ ಮೆಲ್ಲಗೆ ಗೀರಿ. ಗೀರು ಹಸಿರಾಗಿ ಕಂಡು ಹಾಲು ಒಸರಿದರೆ ಇನ್ನೂ ಎಳೆಯದು, ಬಿಟ್ಟುಬಿಡಿ. ಹಳದಿಯಾಗಿದ್ದು ಹಾಲು ಕಡಿಮೆಯಿದ್ದರೆ ಕೀಳಬಹುದು.

ಮಾವಿನಲ್ಲಿ ತೊಟ್ಟಿನ ಸುತ್ತ ಉಬ್ಬಿಕೊಂಡು, ತೊಟ್ಟು ಗುಳಿಯಲ್ಲಿ ಕೂತ ಹಾಗೆ ಕಂಡರೆ ಬಲಿತಿದೆ ಅಂತ. ಅನುಮಾನವಿದ್ದರೆ ಒಂದೆರಡು ಕಾಯಿ ನೀರಿಗೆ ಹಾಕಿ ನೋಡಿ. ಬಲಿತದ್ದು ಸಾಮಾನ್ಯವಾಗಿ ಮುಳುಗುತ್ತದೆ, ಎಳೆಯದು ತೇಲುತ್ತದೆ. ದಯವಿಟ್ಟು ಕೋಲಿನಿಂದ ಬಡಿದು ಬೀಳಿಸಬೇಡಿ, ಪೆಟ್ಟು ಬಿದ್ದ ಜಾಗದಿಂದಲೇ ಕೊಳೆಯುತ್ತದೆ. ಸ್ವಲ್ಪ ತೊಟ್ಟು ಉಳಿಸಿ ಕತ್ತರಿಸಿ. ಆಮೇಲೆ ತೊಟ್ಟು ಮುರಿದು, ಕಾಯಿಯನ್ನು ತಲೆಕೆಳಗಾಗಿಟ್ಟು ಸೊನೆ ಇಳಿಸಿ. ಸೊನೆ ಸಿಪ್ಪೆಗೆ ತಾಗಿದರೆ ಸುಟ್ಟ ಹಾಗೆ ಕಪ್ಪು ಕಲೆ ಬೀಳುತ್ತದೆ. ಸೊನೆ ಇಳಿದ ಮೇಲೆ ಒಣಹುಲ್ಲಿನಲ್ಲೋ ಕಾಗದದಲ್ಲೋ ಅಡೆ ಹಾಕಿದರೆ ಎಥಿಲೀನ್ ಅಲ್ಲೇ ನಿಂತು ಬೇಗ ಹಣ್ಣಾಗುತ್ತವೆ. ಜೊತೆಗೊಂದು ಮಾಗಿದ ಬಾಳೆಹಣ್ಣು ಇಟ್ಟರೆ ಇನ್ನೂ ಬೇಗ.

ದಾಳಿಂಬೆಯ ದಾರಿಯೇ ಬೇರೆ. ಕಿತ್ತಳೆ, ದ್ರಾಕ್ಷಿಯೂ ಹಾಗೇ. ಕಿತ್ತ ಮೇಲೆ ಎಷ್ಟು ದಿನ ಇಟ್ಟರೂ ಇವುಗಳ ಸಿಹಿ ಜಾಸ್ತಿಯಾಗುವುದಿಲ್ಲ. ಗುಂಡಗಿದ್ದ ದಾಳಿಂಬೆಯ ಪಕ್ಕಗಳು ಸ್ವಲ್ಪ ಚಪ್ಪಟೆಯಾಗಿ ಏಣು ಮೂಡುವ ತನಕ ಕಾಯಿರಿ. ಅಳಿಲಿನ ಕಾಟಕ್ಕೆ ಕಾಯಿಗಳಿಗೆ ಬಲೆಚೀಲ ಕಟ್ಟಿ. ಬಣ್ಣವನ್ನೇ ನಂಬಬೇಡಿ. ಸೆಕೆ ಜಾಸ್ತಿ ಇರುವ ಕಡೆ ಕಿತ್ತಳೆ ಒಳಗೆ ಸಿಹಿಯಾಗಿದ್ದರೂ ಹೊರಗೆ ಹಸಿರಾಗೇ ಇರುತ್ತದೆ.

ಇನ್ನೊಂದು ಮಾತು: ಮಾವಿನಕಾಯಿಯನ್ನು ಫ್ರಿಜ್‌ನಲ್ಲಿ ಇಡಬೇಡಿ. ಸುಮಾರು 13 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಅದು ಸರಿಯಾಗಿ ಹಣ್ಣಾಗುವುದಿಲ್ಲ. ಪೂರ್ತಿ ಮಾಗಿ ಘಮ ಬಂದ ಮೇಲೆ ಒಳಗಿಡಿ.